ಹಲಗೆ ಐದು ಇಂಚು ಗಿಡ್ಡ ಇತ್ತು

ಶೆಟ್ಟಿಹಳ್ಳಿಯ ಹಳೇ ಚರ್ಚು ಬುಡದವರೆಗೂ ಕಾಣಿಸಿತು ಅಂದರೆ ನಮ್ಮ ಮನೆಯಲ್ಲಿ ಬೋಟ್ ರಿಪೇರಿಯ ಕಾಲ ಬಂತು ಅಂತ ಲೆಕ್ಕ. ಗೊರೂರಿನ ಹೇಮಾವತಿ ಡ್ಯಾಮಿನ ಪೂರ್ತಿ ಮಟ್ಟ 2922 ಅಡಿ. ಮಳೆಗಾಲದಲ್ಲಿ ನೀರು ಅದರ ಹತ್ತಿರ ಬಂದಾಗ ಚರ್ಚಿನ ಗೋಡೆಗಳು ನೀರೊಳಗೆ ನಿಂತಿರುತ್ತವೆ. ಶಿವರಾತ್ರಿ ಕಳೆದ ಮೇಲೆ ಹಿನ್ನೀರು ದಿನಾ ಒಂದಿಷ್ಟು ಹಿಂದೆ ಸರಿಯುತ್ತದೆ. ದಡದ ಕೆಸರು ಒಣಗಿ ಬಿರುಕು ಬಿಡುತ್ತದೆ. ಆಗ ಬೋಟ್ ಇಳಿಸಲು ಜಾಗವೇ ಇರುವುದಿಲ್ಲ. ನಾಲ್ಕೈದು ತಿಂಗಳು ಅದು ಭಾವನ ಮನೆ ಹಿಂದಿನ ಶೆಡ್ಡಿನಲ್ಲಿ, ಟ್ರೇಲರ್ ಮೇಲೆ ಕೂತಿರುತ್ತದೆ.

ಭಾವ ಹಿನ್ನೀರಿನಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದಾರೆ. ಬಲೆ ಹಾಕುವವರು ತೆಪ್ಪದಲ್ಲೇ ಹೋಗುತ್ತಾರೆ. ತೆಪ್ಪಕ್ಕೆ ಟ್ರೇಲರ್ ಬೇಡ, ತಲೆ ಮೇಲೆ ಬೋರಲು ಹಾಕಿಕೊಂಡು ದಡ ಹತ್ತಿಬಿಡಬಹುದು. ಆದರೆ ದೂರದ ಬಲೆ ನೋಡಿಕೊಂಡು ಬರಲು ಅಂತ ಭಾವ ಐದು ವರ್ಷದ ಹಿಂದೆ 14 ಅಡಿಯ ಫೈಬರ್ ಬೋಟ್ ಒಂದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದರು. ಟ್ರೇಲರ್ ಅದರ ಜೊತೆಗೇ ಬಂತು. ಬೋಟಿನ ಉಸಾಬರಿ ಅವರದು, ಟ್ರೇಲರಿನದು ನನ್ನದು. ಹಾಸನದಲ್ಲಿ ನನಗೆ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಬೇರಿಂಗು, ಬೋಲ್ಟು, ಗ್ರೀಸು ದಿನಾ ಕೈಗೆ ಹತ್ತುವ ವಸ್ತುಗಳು. ಮರದ ಕೆಲಸ ಮಾತ್ರ ಈ ಸಲ ಹೊಸದಾಗಿ ಕಲಿತೆ.

ಟ್ರೇಲರಿನ ಕಬ್ಬಿಣದ ಚೌಕಟ್ಟಿನ ಮೇಲೆ ಉದ್ದಕ್ಕೆ ಎರಡು ಹಲಗೆ ಇರುತ್ತವೆ. ಬೋಟಿನ ತಳ ಕೂರುವುದು ಅವುಗಳ ಮೇಲೆ. ಬಂಕ್ ಹಲಗೆ ಅಂತ ಹೆಸರು, ನಾವು ಸುಮ್ನೆ ಹಲಗೆ ಅಂತೀವಿ. ತಳಕ್ಕೆ ಗೀರು ಬೀಳದಿರಲಿ ಅಂತ ಮೇಲೆ ಕಾರ್ಪೆಟ್ ಸುತ್ತಿರುತ್ತಾರೆ. ನಮ್ಮ ಟ್ರೇಲರಿನಲ್ಲಿ ಒಂದೊಂದು ಹಲಗೆಯನ್ನೂ ಮೂರು ಬ್ರಾಕೆಟ್ ಹಿಡಿದಿವೆ.

ಮಾರ್ಚ್ ಮೊದಲ ವಾರ ಟ್ರೇಲರ್ ತೊಳೆಯುವಾಗ ಭಾವ ಸ್ಪ್ಯಾನರಿನಿಂದ ಹಲಗೆಯನ್ನು ಸುಮ್ನೆ ತಟ್ಟುತ್ತಾ ಬಂದರು. ಮುಂದುಗಡೆ ಟಣ್ ಟಣ್ ಅಂತಿದ್ದ ಸದ್ದು ಹಿಂದುಗಡೆ ಬರುತ್ತಾ ಬರುತ್ತಾ ದಪ್ ದಪ್ ಅಂತಾಯಿತು.

"ನೋಡಪ್ಪ, ಸದ್ದು ಸರಿ ಬರ್ತಾ ಇಲ್ಲ" ಅಂದರು.

ಸ್ಕ್ರೂಡ್ರೈವರ್ ತಂದು ಹಲಗೆಯ ತುದಿಗೆ ಚುಚ್ಚಿದೆ. ಬಲವನ್ನೇ ಹಾಕಲಿಲ್ಲ. ರಾಗಿ ಮುದ್ದೆಯೊಳಗೆ ಬೆರಳು ಇಳಿದ ಹಾಗೆ ಒಂದೂವರೆ ಇಂಚು ಇಳಿಯಿತು.

ಕಾರ್ಪೆಟ್ ಬಿಚ್ಚಿದಾಗ ಒಳಗಿನ ಕಥೆ ಗೊತ್ತಾಯಿತು. ಹೊರಗೆ ಒಣಗಿದ ಹಾಗೆ ಕಾಣುತ್ತಿದ್ದ ಕಾರ್ಪೆಟ್ಟಿನ ಅಡಿಭಾಗ ಇನ್ನೂ ಹಸಿ ಇತ್ತು. ಬೋಟ್ ನೀರಿನಿಂದ ಮೇಲೆ ಬಂದು ಎಷ್ಟೋ ದಿನವಾಗಿತ್ತು, ಆದರೂ ಹಸಿ. ಅಣಬೆಯ ವಾಸನೆ ಮೂಗಿಗೆ ಬಡಿಯಿತು. ಮರದ ಮೇಲೆ ಬಿಳಿ ಎಳೆಗಳು ಜೇಡರ ಬಲೆಯ ಹಾಗೆ ಹರಡಿದ್ದವು. ಅದರ ಕೆಳಗಿನ ಮರ ಕಂದು ಬಣ್ಣಕ್ಕೆ ತಿರುಗಿ, ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಚೌಕ ಚೌಕವಾಗಿ ಒಡೆದಿತ್ತು. ಒಂದು ಚೌಕ ಕಿತ್ತು ಬೆರಳುಗಳ ನಡುವೆ ಒತ್ತಿದೆ. ಪುಡಿ ಆಯಿತು. ಇದು ಶಿಲೀಂಧ್ರದ ಕೆಲಸ. ಮರದಲ್ಲಿ ತೇವ ಶೇಕಡ 20ಕ್ಕಿಂತ ಕೆಳಗಿದ್ದರೆ ಅದಕ್ಕೆ ಬದುಕಿಲ್ಲ. ನಮ್ಮ ಹಲಗೆಯಲ್ಲಿ ವರ್ಷವಿಡೀ ಅದಕ್ಕೆ ಹಬ್ಬದೂಟ ಇತ್ತು.

ಈ ಹಲಗೆ ಬಹಳ ಹಳೆಯದೇನಲ್ಲ. ಮೂರು ವರ್ಷದ ಹಿಂದೆ ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಹಾಕಿಸಿದ್ದೆವು. ಗಟ್ಟಿ ಕಾಡುಮರ ಅಂತ ಹೇಳಿ ದುಡ್ಡು ತಗೊಂಡಿದ್ದರು. ಊರಿನ ಆಚಾರ್ರನ್ನು ಕರೆದು ತೋರಿಸಿದೆ. ಅವರು ಕೊಳೆಯದ ಕಡೆಯಿಂದ ಒಂದು ಸಿಬಿರು ಎಬ್ಬಿಸಿ, ಬೆಳಕಿಗೆ ಹಿಡಿದು ನೋಡಿದರು.

"ಸಿಲ್ವರ್ ಕಣಪ್ಪ ಇದು. ಕಾಫಿ ತೋಟದ ನೆರಳು ಮರ. ಪ್ಲೈವುಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಸರಿ. ನೀರಿಗೆ ಹಾಕ್ತಾರಾ ಇದನ್ನ?"

ಮರದ ಜೊತೆ ಇನ್ನೆರಡು ತಪ್ಪು ಸೇರಿದ್ದವು. ಕಾರ್ಪೆಟ್ಟಿನ ಬೆನ್ನಿಗೆ ಸೆಣಬಿನ ಬಟ್ಟೆ ಇತ್ತು, ಅದು ನೀರು ಕುಡಿದು ಕೂತಿತ್ತು. ಹೊಡೆದಿದ್ದ ಪಿನ್ನುಗಳು ಕಬ್ಬಿಣದವು, ತುಕ್ಕು ಹಿಡಿದು ತಲೆ ಉದುರಿದ್ದವು. ತಲೆ ಹೋದ ಪಿನ್ನಿನ ಚೂಪು ತುದಿಯೊಂದು ಕಾರ್ಪೆಟ್ ಹರಿದು ಮೇಲೆ ಬಂದು ಬೋಟಿನ ತಳದಲ್ಲಿ ಒಂದು ಗೇಣು ಉದ್ದದ ಗೀರು ಎಳೆದಿತ್ತು.

ಹಳೇ ಹಲಗೆಯನ್ನೇ ಅಳತೆಗೆ ಇಟ್ಟುಕೊಂಡು ಹೊಸದನ್ನು ಕೊಯ್ಸಿಬಿಡೋಣ ಅಂತ ಟೇಪ್ ಹಿಡಿದೆ. ಏಳೂವರೆ ಅಡಿ. ಬರೆದುಕೊಂಡೆ. ಆಮೇಲೆ ಟ್ರೇಲರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬೋಟಿನ ತಳ ನೋಡುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರು ವರ್ಷದಿಂದ ನೋಡುತ್ತಲೇ ಇದ್ದೆ, ಗಮನಿಸಿರಲಿಲ್ಲ. ಬೋಟಿನ ಹಿಂಬದಿ ಗೋಡೆ, ಅಂದರೆ ಮೋಟಾರ್ ಕೂರುವ ಟ್ರಾನ್ಸಮ್, ಹಲಗೆ ಮುಗಿದ ಮೇಲೂ ಐದು ಇಂಚು ಹಿಂದಕ್ಕೆ ಚಾಚಿತ್ತು. ಆ ಗೋಡೆಯ ಮೇಲೆ 15 ಎಚ್‌ಪಿ ಮೋಟಾರ್ ತೂಗುತ್ತದೆ. ಅದೊಂದೇ 35 ಕಿಲೋ ದಾಟುತ್ತದೆ. ಹಳ್ಳಿ ರಸ್ತೆಯಲ್ಲಿ ಟ್ರೇಲರ್ ಕುಣಿದಾಗಲೆಲ್ಲ ಅಷ್ಟೂ ಭಾರ ಆಧಾರವಿಲ್ಲದ ಆ ಐದು ಇಂಚಿನಲ್ಲಿ ಕೆಳಕ್ಕೆ ಜಗ್ಗುತ್ತಿತ್ತು.

ಇದರಿಂದ ಏನಾಗುತ್ತದೆ ಅಂತ ಗೊತ್ತಿತ್ತು, ನೋಡಲು ಭಯವಾಯಿತು. ನಾಲ್ಕು ಅಡಿಯ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿದೆ, ಒಂದು ತುದಿ ಟ್ರಾನ್ಸಮ್ಮಿನ ಅಂಚಿಗೆ, ಇನ್ನೊಂದು ಮುಂದಕ್ಕೆ. ಪಟ್ಟಿಗೂ ತಳಕ್ಕೂ ನಡುವೆ ಬೆಳಕು ಕಂಡಿತು. ಹಲಗೆಯ ತುದಿ ಮುಟ್ಟುತ್ತಿದ್ದ ಜಾಗದಲ್ಲಿ ಸರಿಯಾಗಿ ಮೂರು ಮಿಲಿಮೀಟರ್ ತಗ್ಗು. ಹಲಗೆಯ ಕೊನೆ ತಳವನ್ನು ಮೇಲಕ್ಕೆ ಒತ್ತಿದೆ, ಮೋಟಾರಿನ ಭಾರ ಅಂಚನ್ನು ಕೆಳಕ್ಕೆ ಬಗ್ಗಿಸಿದೆ. ತಳ ಹೀಗೆ ಕೊಕ್ಕೆಯ ಹಾಗೆ ಬಗ್ಗಿದರೆ ಬೋಟ್ ಓಡುವಾಗ ಹಿಂಭಾಗ ಎತ್ತಿ, ಮೂತಿ ನೀರಿಗೆ ಒತ್ತುತ್ತದೆ. ವೇಗ ಕಮ್ಮಿ, ಪೆಟ್ರೋಲ್ ಜಾಸ್ತಿ. ಹೋದ ವರ್ಷದಿಂದ ಬೋಟ್ ಯಾಕೋ ಮೂತಿ ತಗ್ಗಿಸ್ತದೆ ಅಂತ ಭಾವ ಹೇಳುತ್ತಲೇ ಇದ್ದರು. ನಾವಿಬ್ಬರೂ ಮೋಟಾರಿನ ಕೋನ ಬದಲಿಸಿ ಬದಲಿಸಿ ನೋಡಿದ್ದೆವು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಲಗೆ ಬದಲಿಸುವವರು ಹಳೇ ಹಲಗೆಗೆ ಟೇಪ್ ಹಿಡಿಯಬೇಡಿ, ಬೋಟಿಗೆ ಹಿಡಿಯಿರಿ. ಹಲಗೆ ಟ್ರಾನ್ಸಮ್ಮಿನ ಸಮಕ್ಕೆ ಬರಬೇಕು, ಅರ್ಧ ಇಂಚು ಒಂದು ಇಂಚು ಹೊರಗೆ ಚಾಚಿದರೂ ಒಳ್ಳೆಯದೇ. ಒಳಗೆ ನಿಲ್ಲಬಾರದು. ಬರೆದುಕೊಂಡಿದ್ದ ಏಳೂವರೆ ಅಡಿಗೆ ಗೀಟು ಹೊಡೆದೆ. ಮುಂದುಗಡೆ ತಳ ಎಲ್ಲಿಯವರೆಗೆ ನೇರ ಹೋಗುತ್ತದೆ, ಎಲ್ಲಿಂದ ಮೇಲಕ್ಕೆ ಏರುತ್ತದೆ ಅಂತ ನೋಡಿ, ಹಿಂದೆ ಒಂದು ಇಂಚು ಸೇರಿಸಿದಾಗ ಒಂಬತ್ತು ಅಡಿ ಬಂತು.

ಉದ್ದದ ಜೊತೆ ಇನ್ನೊಂದನ್ನೂ ನೋಡಬೇಕು. ಫೈಬರ್ ಬೋಟಿನ ತಳದ ಒಳಗೆ ಉದ್ದಕ್ಕೆ ಗಟ್ಟಿ ಪಟ್ಟಿಗಳು ಇರುತ್ತವೆ, ಮನೆ ಮಾಡಿಗೆ ತೊಲೆ ಇದ್ದ ಹಾಗೆ. ಹಲಗೆ ಅವುಗಳ ನೇರಕ್ಕೆ ಬರಬೇಕು. ಬೆರಳ ಗೆಣ್ಣಿನಿಂದ ತಳವನ್ನು ತಟ್ಟುತ್ತಾ ಹೋದರೆ ಟೊಳ್ಳು ಸದ್ದು ಗಟ್ಟಿ ಸದ್ದಾಗುವ ಜಾಗ ಸಿಗುತ್ತದೆ. ಸೀಮೆಸುಣ್ಣದಿಂದ ಗೆರೆ ಎಳೆದೆ. ಎಡಗಡೆಯದು ಸರಿ ಇತ್ತು. ಬಲಗಡೆ ಹಲಗೆ ಎರಡು ಇಂಚು ಪಕ್ಕಕ್ಕೆ ಸರಿದಿತ್ತು.

ಇನ್ನು ದಪ್ಪ. ಟ್ರೇಲರಿನ ಕೊನೆಯ ಅಡ್ಡಪಟ್ಟಿ ಟ್ರಾನ್ಸಮ್ಮಿಗಿಂತ 14 ಇಂಚು ಮುಂದೆ ಇದೆ, ಅದು ವೆಲ್ಡ್ ಆದದ್ದು. ಹಾಗಾಗಿ ಹೊಸ ಹಲಗೆ 15 ಇಂಚು ಆಧಾರವಿಲ್ಲದೆ ಹಿಂದಕ್ಕೆ ಚಾಚುತ್ತದೆ. ಹಳೇ ಹಲಗೆಯ ದಪ್ಪ ಒಂದೂವರೆ ಇಂಚು. ಮರ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಒಂದೂವರೆಯನ್ನು ಎರಡು ಇಂಚು ಮಾಡಿದರೆ ಬಿಗಿ 2.37 ಪಟ್ಟು ಆಗುತ್ತದೆ, ಮರ ಮಾತ್ರ ಮೂರನೇ ಒಂದು ಭಾಗ ಜಾಸ್ತಿ ಸಾಕು. ನಾಲ್ಕಕ್ಕೆ ಎರಡು ಇಂಚಿನ ಹಲಗೆಯನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿದರೂ ನಾಲ್ಕು ಪಟ್ಟು ಬಿಗಿ ಸಿಗುತ್ತದೆ. ಆದರೆ ಆಗ ತಳ ಬರೀ ಎರಡು ಇಂಚು ಅಗಲದ ಮೇಲೆ ಕೂರಬೇಕು. ಫೈಬರ್ ತಳಕ್ಕೆ ಅಗಲವಾದ ಆಸನವೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಐದು ಇಂಚು ಅಗಲ, ಎರಡು ಇಂಚು ದಪ್ಪ, ಮಲಗಿಸಿಯೇ ಹಾಕುವುದು ಅಂತ ತೀರ್ಮಾನ ಮಾಡಿದೆ.

ಮರ ಯಾವುದು ಅನ್ನುವುದಕ್ಕೆ ಎರಡು ವಾರ ಹೋಯಿತು. ನಮ್ಮ ಕಡೆ ಮರಕ್ಕೇನು ಬರ, ಅಲ್ವಾ? ಆದರೆ ಈ ಕೆಲಸಕ್ಕೆ ಎಲ್ಲವೂ ಆಗುವುದಿಲ್ಲ. ಸಾಗವಾನಿ ಎಲ್ಲದರಲ್ಲೂ ಸರಿ, ಹೇಳಿದ ಬೆಲೆ ಕೇಳಿ ಭಾವ ಮಾತೇ ಆಡಲಿಲ್ಲ. ಮತ್ತಿ ಗಟ್ಟಿ, ಆದರೆ ಒಣಗುವಾಗ ಸೀಳು ಬಿಡುವ ಮರ, ತೂಕವೂ ಜಾಸ್ತಿ. ಹೊನ್ನೆ ಹಾಕೋಣ ಅಂತ ನನಗೆ ಬಹಳ ಆಸೆ ಇತ್ತು. ನೀರು, ಗೆದ್ದಲು ಎರಡಕ್ಕೂ ಜಗ್ಗದ ಮರ ಅದು. ಆಚಾರ್ರು ತಲೆ ಆಡಿಸಿದರು. ಅಂಗಳದಲ್ಲಿದ್ದ ಒಂದು ಹೊನ್ನೆ ತುಂಡು ಕೊಟ್ಟು, "ಇದಕ್ಕೆ ಬಿಳಿ ಬಟ್ಟೆ ಒದ್ದೆ ಮಾಡಿ ಸುತ್ತಿ ಇಡು, ಬೆಳಿಗ್ಗೆ ಬಿಚ್ಚು" ಅಂದರು. ಬೆಳಿಗ್ಗೆ ಬಟ್ಟೆ ಅರಿಶಿನದ ನೀರಲ್ಲಿ ಅದ್ದಿದ ಹಾಗಿತ್ತು. ಹೊನ್ನೆ ಒದ್ದೆಯಾದರೆ ಬಣ್ಣ ಬಿಡುತ್ತದೆ. ಬಿಳಿ ಬೋಟಿನ ತಳಕ್ಕೆ ಅದನ್ನು ಹಾಕುವ ಹಾಗಿಲ್ಲ.

ಕೊನೆಗೆ ನಿಂತದ್ದು ಹೆಬ್ಬಲಸಿಗೆ. ಕರಾವಳಿಯಲ್ಲಿ ದೋಣಿ ಮಾಡಲು ಬಹಳ ಹಿಂದಿನಿಂದ ಬಳಸಿದ ಮರ. ಹಗುರ, ನೀರಿಗೆ ಬೇಗ ಕೊಳೆಯುವುದಿಲ್ಲ, ಮರ ನಯ ಮಾಡುವ ತೋಪಡಕ್ಕೆ ಚೆನ್ನಾಗಿ ಒಗ್ಗುತ್ತದೆ. ಸಕಲೇಶಪುರದ ಕಡೆ ಒಂದು ಹಳೇ ಹೆಂಚಿನ ಮನೆ ಕೆಡವಿದ ಮರ ಮಾರಾಟಕ್ಕಿದೆ ಅಂತ ಗೊತ್ತಾಗಿ ಹೋದೆವು. ಅಲ್ಲಿ ಹತ್ತು ಅಡಿಯ ಎರಡು ತೊಲೆ ಸಿಕ್ಕವು. ಒಲೆಯ ಹೊಗೆ ಕುಡಿದು ಕಪ್ಪಾಗಿದ್ದವು. ಹೊಸದಾಗಿ ಕೊಯ್ದ ಹಸಿ ಮರಕ್ಕಿಂತ ಇದು ಎಷ್ಟೋ ಮೇಲು. ಒಣಗಬೇಕಾದಷ್ಟು ಒಣಗಿ, ತಿರುಚಬೇಕಾದಷ್ಟು ತಿರುಚಿ ಮುಗಿದಿರುತ್ತದೆ.

ಹಳೇ ತೊಲೆಯ ತೊಂದರೆ ಒಂದೇ, ಮೊಳೆ. ಮೊಳೆ ಸಿಕ್ಕರೆ ಸಾ ಮಿಲ್ಲಿನ ಬ್ಲೇಡ್ ಹೋಗುತ್ತದೆ, ಅದಕ್ಕೇ ಅವರು ಹಳೇ ಮರ ಮುಟ್ಟಲು ಹಿಂದೆ ಮುಂದೆ ನೋಡುತ್ತಾರೆ. ಕೆಟ್ಟ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಮೇಲೆ ನಿಧಾನಕ್ಕೆ ಎಳೆಯುತ್ತಾ ಹೋದೆ. ಒಳಗೆ ಮುರಿದು ಕೂತ ಮೊಳೆ ಇದ್ದಲ್ಲಿ ಆಯಸ್ಕಾಂತ ತಟ್ಟನೆ ಅಂಟುತ್ತಿತ್ತು. ಎರಡು ತೊಲೆಯಿಂದ 23 ಮೊಳೆ ತೆಗೆದೆವು. ಒಂದೊಂದು ಮೊಳೆಯ ಸುತ್ತಲೂ ಮರ ಮಸಿಯ ಹಾಗೆ ಕಪ್ಪಾಗಿತ್ತು. ಮರದ ಒಗರು ಮತ್ತು ಕಬ್ಬಿಣ ತೇವದಲ್ಲಿ ಸೇರಿದರೆ ಆಗುವ ಕಲೆ ಅದು. ಹೊಸ ಹಲಗೆಗೆ ಕಬ್ಬಿಣದ ಬೋಲ್ಟು ಹಾಕಬಾರದು ಅಂತ ಆಗಲೇ ನಿರ್ಧಾರ ಆಯಿತು.

ಅಲ್ಯೂಮಿನಿಯಂ ಬೋಟ್ ಇಟ್ಟುಕೊಂಡವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ತಾಮ್ರದ ಔಷಧಿ ಹಾಕಿ ಹದ ಮಾಡಿದ ಮರ ನಿಮ್ಮ ಹಲಗೆಗೆ ಬೇಡ. ಒದ್ದೆಯಲ್ಲಿ ತಾಮ್ರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಮಿಲ್ಲಿನಿಂದ ಬಂದ ಹಲಗೆಗಳಿಗೆ ಆಚಾರ್ರು ತೋಪಡ ಹೊಡೆದರು. ಕಪ್ಪು ತೊಲೆಯ ಒಳಗಿಂದ ಹೊಂಬಣ್ಣದ ಮರ ಹೊರಗೆ ಬಂತು. ಮೇಲಿನ ಎರಡೂ ಅಂಚನ್ನು ಗುಂಡಗೆ ಮಾಡಿಸಿದೆ. ಚೂಪು ಅಂಚಿದ್ದರೆ ಕಾರ್ಪೆಟ್ ಮೊದಲು ಹರಿಯುವುದು ಅಲ್ಲೇ. ಒಂದೊಂದು ಹಲಗೆ ಹನ್ನೊಂದು ಕಿಲೋ ತೂಗಿತು.

ಬೋಲ್ಟಿನ ತೂತು ಹಾಕುವುದರಲ್ಲಿ ಕ್ರಮ ಮುಖ್ಯ. ಬೋಲ್ಟಿನ ತಲೆ ಮರದ ಮಟ್ಟಕ್ಕಿಂತ ಚೆನ್ನಾಗಿ ಕೆಳಗೆ ಮುಳುಗಿರಬೇಕು. ಕಾರ್ಪೆಟ್ ಸವೆದರೂ ತಲೆ ಬೋಟಿಗೆ ತಾಗಬಾರದು. ಅದಕ್ಕೆ ಮೊದಲು ಒಂದು ಇಂಚಿನ ಅಗಲ ಬಿಟ್ಟಿನಿಂದ ಅರ್ಧ ಇಂಚು ಆಳದ ಗುಂಡಿ. ಆಮೇಲೆ ಅದರ ನಡುವಿನ ಚುಕ್ಕೆಯಲ್ಲೇ 10 ಎಂಎಂ ತೂತು ಆಚೆವರೆಗೆ. ಸಣ್ಣ ತೂತನ್ನು ಮೊದಲು ಹಾಕಿದರೆ ದೊಡ್ಡ ಬಿಟ್ಟಿನ ಮೂತಿಗೆ ಹಿಡಿತ ಸಿಗದೆ ಅಡ್ಡಾಡುತ್ತದೆ.

ಬೋಲ್ಟು ಸ್ಟೇನ್‌ಲೆಸ್ಸು, ಗುಂಡು ತಲೆ, ತಲೆಯ ಕೆಳಗೆ ಚೌಕದ ಕತ್ತು ಇರುವ ಜಾತಿ. ಕತ್ತು ಮರದಲ್ಲಿ ಕಚ್ಚಿಕೊಂಡು ಕೂರುತ್ತದೆ, ನಟ್ಟು ತಿರುಗಿಸುವಾಗ ಬೋಲ್ಟು ಸುತ್ತುವುದಿಲ್ಲ. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು, ಅಂಟಲಿಲ್ಲ ನೋಡಿ ಒಳ್ಳೇ ಮಾಲು ಅಂತ ಕೊಡುತ್ತಾರೆ. ಅಷ್ಟಕ್ಕೇ ನಂಬಬೇಡಿ. 304 ಅಂಟದು, ಅಗ್ಗದ 202 ಕೂಡ ಅಂಟದು. 202 ಬೇಗ ತುಕ್ಕು ಹಿಡಿಯುತ್ತದೆ. ತಲೆಯ ಮೇಲೆ ಎ2 ಅಥವಾ 304 ಅಂತ ಅಚ್ಚು ಇದೆಯಾ ನೋಡಿ. ಸಿಹಿ ನೀರಿಗೆ 304 ಸಾಕು, ಸಮುದ್ರಕ್ಕಾದರೆ 316 ಬೇಕು.

ನಾನು ಎಡವಿದ್ದು ನಟ್ಟಿನಲ್ಲಿ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದ್ದ ಹಾಗೇ ಹಾಕಿ ಮೆಷಿನ್ನಿನಲ್ಲಿ ಜೋರಾಗಿ ತಿರುಗಿಸಿದೆ. ಅರ್ಧ ದಾರಿಯಲ್ಲಿ ಗಕ್ಕನೆ ನಿಂತಿತು. ಹಿಂದೆಯೂ ಬರಲಿಲ್ಲ, ಮುಂದೆಯೂ ಹೋಗಲಿಲ್ಲ. ಉಜ್ಜಿದ ಬಿಸಿಗೆ ಬೋಲ್ಟು ನಟ್ಟಿನ ಮರೆಗಳು, ಅಂದರೆ ಸುರುಳಿ ಗೆರೆಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಗ್ರೈಂಡರಿನಲ್ಲಿ ಕೊಯ್ದು ಬೋಲ್ಟನ್ನೇ ಬಿಸಾಡಬೇಕಾಯಿತು. ಉಳಿದ ಐದಕ್ಕೂ ಮರೆಗೆ ಗ್ರೀಸ್ ಹಚ್ಚಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿದೆ. ಒಂದೂ ಹಿಡಿದುಕೊಳ್ಳಲಿಲ್ಲ.

ಕೊಳೆಯುವುದು ಹಲಗೆಯ ತುದಿಯಿಂದ ಮತ್ತು ತೂತಿನಿಂದ ಶುರುವಾಗುತ್ತದೆ. ಮರದ ನಾರಿನ ಬಾಯಿ ತೆರೆದಿರುವುದು ಅಲ್ಲೇ. ತುದಿಗಳಿಗೂ ತೂತುಗಳ ಒಳಗೂ ಎಪಾಕ್ಸಿ ಅಂಟನ್ನು ತೆಳ್ಳಗೆ ಮಾಡಿ ಎರಡು ಸಲ ಕುಡಿಸಿದೆ. ಉಳಿದ ಮೈಗೆ ಆಚಾರ್ರು ಹೇಳಿದ ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆಯನ್ನು ಕರಾವಳಿಯವರು ದೋಣಿಗೆ ಹಚ್ಚುತ್ತಾರೆ. ಹಚ್ಚುವಾಗ ಕೈಗವಸು ಹಾಕಿಯೇ ಹಚ್ಚಿ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಮೂರು ಕೈ ಹಚ್ಚಿ, ಒಂದರ ನಂತರ ಒಂದು ಒಣಗಲು ಬಿಟ್ಟು, ಒಟ್ಟು ಹನ್ನೆರಡು ದಿನ ಶೆಡ್ಡಿನ ಮುಂದೆ ಗಾಳಿಗೆ ಇಟ್ಟಿದ್ದೆ. ಕೊನೆಯ ದಿನ ಹೊನ್ನೆಗೆ ಮಾಡಿದ ಪರೀಕ್ಷೆಯನ್ನೇ ಇದಕ್ಕೂ ಮಾಡಿದೆ. ಒದ್ದೆ ಬಟ್ಟೆ ಬೆಳಿಗ್ಗೆ ಬಿಳಿಯಾಗೇ ಬಂತು.

ಕಾರ್ಪೆಟ್ಟಿಗೆ ಪಾಲಿಪ್ರೊಪಿಲೀನ್ ಜಾತಿಯದೇ ಬೇಕು. ಅದರ ಎಳೆ ನೀರು ಕುಡಿಯುವುದಿಲ್ಲ, ಕೊಳೆಯುವುದೂ ಇಲ್ಲ. ಬೆನ್ನಿಗೆ ರಬ್ಬರ್ ಇರುವುದು ಬೇಡ, ನೀರನ್ನು ಒಳಗೇ ಹಿಡಿದಿಡುತ್ತದೆ. ಬೋಟಿಗೆ ಅಂತಲೇ ಮಾಡಿದ ಕಾರ್ಪೆಟ್ಟು, ಸ್ಟೇನ್‌ಲೆಸ್ ಪಿನ್ನು ಹಾಸನದಲ್ಲಿ ಸಿಗಲಿಲ್ಲ. ಮಂಗಳೂರಿನಿಂದ ಮೀನು ತರುವ ಗಾಡಿಯವರ ಕೈಲಿ ಭಾವ ಎರಡನ್ನೂ ತರಿಸಿದರು. ಶಿರಾಡಿ ಘಾಟಿ ಹತ್ತಿ ಬೆಳಗಿನ ಜಾವ ಬಂದ ಕಾರ್ಪೆಟ್ ಎರಡು ದಿನ ಬಂಗುಡೆ ವಾಸನೆ ಹೊಡೆಯಿತು.

ಬೋಲ್ಟುಗಳನ್ನು ಮೇಲಿನಿಂದ ಮೊದಲೇ ಬಡಿದು ಕೂರಿಸಿ, ಆಮೇಲೆ ಅವುಗಳ ಮೇಲೆ ಕಾರ್ಪೆಟ್ ಸುತ್ತಬೇಕು. ಮೂಲೆಗಳನ್ನು ಶಾಲೆ ಪುಸ್ತಕಕ್ಕೆ ಬೈಂಡ್ ಹಾಕುವ ಹಾಗೆ ಮಡಿಸಿದೆ. ಅಕ್ಕನ ಮಗಳು ಜೂನ್ ಬಂದರೆ ನೋಟ್‌ಬುಕ್ಕಿಗೆಲ್ಲ ಬೈಂಡ್ ಹಾಕುವವಳು, ನನಗಿಂತ ಅಚ್ಚುಕಟ್ಟಾಗಿ ಅವಳೇ ಎರಡು ಮೂಲೆ ಮಡಿಸಿಕೊಟ್ಟಳು. ಪಿನ್ನು ಹೊಡೆಯುವುದು ಕೆಳಗಿನ ಮುಖಕ್ಕೆ ಮಾತ್ರ. ಮೇಲಿನ ಮುಖಕ್ಕೆ ಒಂದೂ ಬೇಡ. ಕೆಳಗೆ ಎರಡೂ ಕಡೆಯ ಕಾರ್ಪೆಟ್ ಒಂದಕ್ಕೊಂದು ಸೇರದ ಹಾಗೆ ನಡುವೆ ಎರಡು ಇಂಚು ಮರ ಖಾಲಿ ಬಿಟ್ಟೆ. ನೀರು ಅಲ್ಲಿಂದ ಸೋರಿ ಹೋಗಬೇಕು, ಮರ ಅಲ್ಲಿಂದ ಉಸಿರಾಡಬೇಕು. ಹಳೇ ಹಲಗೆಗೆ ಸುತ್ತಲೂ ಮುಚ್ಚಿ ಹೊಲಿಗೆ ಹಾಕಿದ್ದರು. ನೋಡಲು ಅದು ಚೆಂದ ಇತ್ತು, ನಿಜ.

ಬೋಟ್ ಎತ್ತುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಮೋಟಾರ್ ಇಳಿಸಿದೆವು. ಚಕ್ರಕ್ಕೆ ಅಡಗಲ್ಲು ಕೊಟ್ಟೆವು. ಮೂತಿಯನ್ನು ಶೆಡ್ಡಿನ ಕಬ್ಬಿಣದ ತೊಲೆಗೆ ಚೈನ್ ಪುಲ್ಲಿ ಹಾಕಿ ಹಿಡಿದೆವು. ಹಿಂದೆ ಟ್ರಾನ್ಸಮ್ಮಿನ ಎರಡೂ ಮೂಲೆಗೆ ಒಂದೊಂದು ಜಾಕ್, ಜಾಕಿನ ತಲೆಗೂ ತಳಕ್ಕೂ ನಡುವೆ ಅಗಲವಾದ ಹಲಗೆ ತುಂಡು. ಎತ್ತಿದೆವು, ಎತ್ತಿದೆವು, ನಾಲ್ಕು ಇಂಚು ಎತ್ತಿದರೂ ಹಲಗೆ ತಳವನ್ನು ಬಿಡಲೇ ಇಲ್ಲ. ಬೋಟಿನ ಭಾರ ಇಳಿದ ಹಾಗೆಲ್ಲ ಟ್ರೇಲರಿನ ಪಟ್ಟಾ ಸ್ಪ್ರಿಂಗುಗಳು ಮೇಲೇಳುತ್ತಿದ್ದವು, ಚೌಕಟ್ಟೂ ಜೊತೆಗೇ ಏಳುತ್ತಿತ್ತು. ಬೋಟನ್ನು ಮತ್ತೆ ಇಳಿಸಿ, ಸ್ಪ್ರಿಂಗ್ ಕುಗ್ಗಿದ್ದಾಗಲೇ ಚೌಕಟ್ಟನ್ನು ಆಕ್ಸಲಿಗೆ ಲಾರಿ ಬೆಲ್ಟಿನಿಂದ ಬಿಗಿಯಾಗಿ ಕಟ್ಟಿದೆ. ಆಮೇಲೆ ಒಂದೂವರೆ ಇಂಚು ಎತ್ತುವಷ್ಟರಲ್ಲೇ ಹಲಗೆ ಬಿಟ್ಟುಕೊಂಡಿತು.

ಎತ್ತಿದ ಬೋಟಿನ ಕೆಳಗೆ ಕೈ ಹಾಕುವ ಮೊದಲು ಮರದ ದಿಮ್ಮಿ ಅಡ್ಡಡ್ಡ ಜೋಡಿಸಿ ಭಾರವನ್ನು ಅದರ ಮೇಲೆ ಕೂರಿಸಿ. ಜಾಕನ್ನು ನಂಬಿ ಯಾರೂ ಕೆಳಗೆ ನುಗ್ಗಬೇಡಿ. ಸಿಮೆಂಟ್ ಇಟ್ಟಿಗೆಯೂ ಬೇಡ. ಮರ ಮುರಿಯುವ ಮೊದಲು ಕಿರುಗುಟ್ಟಿ ಎಚ್ಚರಿಸುತ್ತದೆ, ಸಿಮೆಂಟು ಹೇಳದೆ ಕೇಳದೆ ಒಡೆಯುತ್ತದೆ. ನಾವು ಒಂದು ಕಡೆಯ ಹಲಗೆ ಮುಗಿಸಿ ಆಮೇಲೆ ಇನ್ನೊಂದನ್ನು ಬಿಚ್ಚಿದೆವು.

ಹೊಸ ಹಲಗೆ ಹಳೆಯದಕ್ಕಿಂತ ಅರ್ಧ ಇಂಚು ಜಾಸ್ತಿ ದಪ್ಪ ಇರುವುದರಿಂದ ಬ್ರಾಕೆಟ್ಟುಗಳನ್ನು ಅಷ್ಟೇ ಕೆಳಗಿಳಿಸಿದೆ. ಇಲ್ಲದಿದ್ದರೆ ಮೂತಿ, ಬೋಟನ್ನು ಟ್ರೇಲರಿಗೆ ಎಳೆಯುವ ವಿಂಚಿನ ಕಂಬದ ರಬ್ಬರಿಗೆ ಸರಿಯಾಗಿ ಕೂರುವುದಿಲ್ಲ. ಬಲಗಡೆಯದನ್ನು ಸೀಮೆಸುಣ್ಣದ ಗೆರೆಗೆ ಎರಡು ಇಂಚು ಸರಿಸಿದೆ. ನಟ್ಟುಗಳನ್ನು ಬಿಗಿ ಮಾಡಲಿಲ್ಲ, ಬೆರಳಲ್ಲಿ ತಿರುಗಿಸಿ ಬಿಟ್ಟೆ. ಬೋಟನ್ನು ನಿಧಾನಕ್ಕೆ ಇಳಿಸಿದಾಗ ಹಲಗೆಗಳು ತಳದ ಓರೆಗೆ ತಾವೇ ಹೊಂದಿಕೊಂಡು ಮಲಗಿದವು. ಒಂದು ಪೋಸ್ಟ್ ಕಾರ್ಡನ್ನು ಹಲಗೆಗೂ ತಳಕ್ಕೂ ನಡುವೆ ಉದ್ದಕ್ಕೂ ತೂರಿಸಿ ನೋಡಿದೆ. ಎಡಗಡೆ ನಡುವಿನ ಬ್ರಾಕೆಟ್ ಹತ್ತಿರ ಒಂದು ಕಡೆ ಮಾತ್ರ ಕಾರ್ಡು ಒಳಗೆ ಹೋಯಿತು. ಆ ಬ್ರಾಕೆಟ್ಟನ್ನು ಸ್ವಲ್ಪ ಎತ್ತಿದ ಮೇಲೆ ಎಲ್ಲೂ ಹೋಗಲಿಲ್ಲ. ಆಗ ನಟ್ಟು ಬಿಗಿ ಮಾಡಿದೆ.

ಆಮೇಲೆ ಚಕ್ರಗಳನ್ನೂ ಎತ್ತಿ ಬೇರಿಂಗುಗಳಿಗೆ ಹೊಸ ಗ್ರೀಸ್ ತುಂಬಿದೆ. ಓಡಿ ಬಂದು ಬಿಸಿಯಾದ ಹಬ್ ಅನ್ನು, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗವನ್ನು, ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ದಡಕ್ಕೆ ಹೋದ ಮೇಲೆ ಕಾಲು ಗಂಟೆ ತಣ್ಣಗಾಗಲು ಬಿಟ್ಟು ಆಮೇಲೆ ಇಳಿಸುತ್ತೇವೆ.

ಜೂನ್, ಜುಲೈ ಪೂರ್ತಿ ಭಾವ ಪೇಪರಿನಲ್ಲಿ ಡ್ಯಾಮಿನ ಮಟ್ಟ ನೋಡುತ್ತಾ ಕೂತರು. ಜುಲೈ ಕೊನೆಗೆ ನೀರು ಮುಳುಗಡೆಯಾದ ಹಳೇ ಊರಿನ ರಸ್ತೆಯವರೆಗೆ ಬಂತು. ಆ ರಸ್ತೆಯೇ ನಮಗೆ ಬೋಟ್ ಇಳಿಸುವ ಇಳಿಜಾರು. ಸೋನೆ ಮಳೆ. ಜೀಪನ್ನು ಹಿಂದಕ್ಕೆ ಬಿಟ್ಟು, ಟ್ರೇಲರ್ ಅರ್ಧ ಮುಳುಗಿದ ಮೇಲೆ ಭಾವ ವಿಂಚ್ ಸಡಿಲಿಸಿದರು. ಬೋಟ್ ಜಗ್ಗಲಿಲ್ಲ. ಹೊಸ ಕಾರ್ಪೆಟ್ ಒಣಗಿದ್ದರೆ ತಳವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನುಣುಪಾಗಲಿ ಅಂತ ಸಿಲಿಕೋನ್ ಸ್ಪ್ರೇ ಹೊಡೆಯುವವರೂ ಇದ್ದಾರೆ, ನನಗೆ ಅದು ಇಷ್ಟವಿಲ್ಲ. ಕೊಂಡಿ ಬಿಚ್ಚಿದ ಕ್ಷಣ ಬೋಟ್ ರಸ್ತೆ ಮೇಲೆಯೇ ಜಾರಿಬಿಡಬಹುದು. ಬಕೆಟ್ಟಿನಲ್ಲಿ ನೀರು ಮೊಗೆದು ಎರಡೂ ಹಲಗೆಗೆ ಸುರಿದೆ. ಐದು ನಿಮಿಷ ಬಿಟ್ಟು ಭಾವ ಮೂತಿಗೆ ಭುಜ ಕೊಟ್ಟು ತಳ್ಳಿದರು. ಬೋಟ್ ಸದ್ದಿಲ್ಲದೆ ಹಿಂದಕ್ಕೆ ಜಾರಿ ತೇಲಿತು.

ಸಂಜೆ ವಾಪಸ್ ಎಳೆದುಕೊಂಡಾಗ ನಾನು ಮೊದಲು ಹೋಗಿ ನೋಡಿದ್ದು ಟ್ರೇಲರಿನ ಹಿಂಭಾಗ. ಟ್ರಾನ್ಸಮ್ಮಿನ ಕೆಳಗೆ ಎರಡೂ ಕಡೆ ಒಂದು ಇಂಚು ಕಾರ್ಪೆಟ್ ಹೊರಗೆ ಕಾಣುತ್ತಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಮನೆಗೆ ಬಂದು ಮುಂಗಾಲನ್ನು ಎತ್ತರ ಮಾಡಿ, ನೀರೆಲ್ಲ ಹಿಂದಕ್ಕೆ ಇಳಿಯುವ ಹಾಗೆ ನಿಲ್ಲಿಸಿದೆವು. ಎರಡನೇ ಸಲ ಹೋಗಿ ಬಂದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ, ಆರರಲ್ಲಿ ನಾಲ್ಕು ನಟ್ಟು ಒಂದೊಂದೂ ಕಾಲು ಸುತ್ತು ತಗೊಂಡವು. ದಸರಾ ಆಯುಧಪೂಜೆಗೆ ಬೋಟ್ ತೊಳೆದಾಗ ಅಲ್ಯೂಮಿನಿಯಂ ಪಟ್ಟಿ ಹಿಡಿದು ನೋಡಿದೆ. ಮೂರು ಮಿಲಿಮೀಟರ್ ಮೂರೇ ಇದೆ, ಜಾಸ್ತಿ ಆಗಿಲ್ಲ. ಶಿವರಾತ್ರಿ ಕಳೆದು ಚರ್ಚಿನ ಬುಡ ಕಂಡಾಗ ಮತ್ತೆ ಹಿಡಿಯುತ್ತೇನೆ.